ಜೆಫ್ ಆಸಲ್ ಸಾವು ಮತ್ತು ಫುಟ್‌ಬಾಲ್ ಇನ್ನೂ ತೀರಿಸದ ಲೆಕ್ಕ

ಇಂಗ್ಲೆಂಡಿನಲ್ಲಿ ಯಾರಾದರೂ ಸಹಜವಲ್ಲದ ರೀತಿಯಲ್ಲಿ ಸತ್ತರೆ, ಕಾರಣ ಏನೆಂದು ವಿಚಾರಿಸಿ ತೀರ್ಮಾನ ಹೇಳಲು ಕರೋನರ್ ಎಂಬ ಅಧಿಕಾರಿ ಇರುತ್ತಾರೆ. 2002ರ ನವೆಂಬರ್‌ನಲ್ಲಿ ಸ್ಟ್ಯಾಫರ್ಡ್‌ಶೈರ್‌ನ ಕರೋನರ್ ಆಂಡ್ರ್ಯೂ ಹೇಗ್ ಅವರ ಮುಂದೆ ಮಾಜಿ ಫುಟ್‌ಬಾಲ್ ಆಟಗಾರರೊಬ್ಬರ ಸಾವಿನ ವಿಚಾರಣೆ ಬಂತು. ಹೆಸರು ಜೆಫ್ ಆಸಲ್. ಸತ್ತಾಗ ವಯಸ್ಸು ಬರೀ 59. ವೈದ್ಯರ ಸಾಕ್ಷ್ಯ ಕೇಳಿದ ಕರೋನರ್ ಕೊಟ್ಟ ತೀರ್ಮಾನ ಇಷ್ಟೇ: ಇದು ಕೆಲಸದಿಂದ ಬಂದ ಕಾಯಿಲೆ.

ಕಲ್ಲಿದ್ದಲು ಗಣಿಯಲ್ಲಿ ದುಡಿದು ಶ್ವಾಸಕೋಶ ಕೆಟ್ಟವರಿಗೆ, ಆಸ್ಬೆಸ್ಟಾಸ್ ಧೂಳು ಕುಡಿದು ಕ್ಯಾನ್ಸರ್ ಬಂದವರಿಗೆ ಅಲ್ಲಿ ಈ ಮಾತು ಬಳಸುತ್ತಾರೆ. ಫುಟ್‌ಬಾಲ್ ಆಟಗಾರನ ಸಾವಿಗೆ ಅದನ್ನು ಬರೆದದ್ದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಆಸಲ್ ಅವರ ಕೆಲಸ ಏನಾಗಿತ್ತು? ಚೆಂಡನ್ನು ತಲೆಯಿಂದ ಹೊಡೆಯುವುದು. ವರ್ಷಗಟ್ಟಲೆ, ವಾರದಲ್ಲಿ ಹಲವು ದಿನ, ಮತ್ತೆ ಮತ್ತೆ ಹೊಡೆಯುವುದು.

ಇಂಗ್ಲಿಷ್ ಫುಟ್‌ಬಾಲ್‌ನಲ್ಲಿ ಈಗ ಹೆಡಿಂಗ್ (ಚೆಂಡನ್ನು ತಲೆಯಿಂದ ಹೊಡೆಯುವುದು) ಮತ್ತು ಮರೆವಿನ ಕಾಯಿಲೆ ಡಿಮೆನ್ಷಿಯಾ ಬಗ್ಗೆ ನಡೆಯುತ್ತಿರುವ ಜಗಳ ಇಲ್ಲಿಂದಲೇ ಶುರುವಾಯಿತು. ಮಕ್ಕಳ ಪಂದ್ಯಗಳಲ್ಲಿ ಹೆಡಿಂಗ್ ತೆಗೆದುಹಾಕಲಾಗುತ್ತಿದೆ, ಮಾಜಿ ಆಟಗಾರರು ಕೋರ್ಟಿಗೆ ಹೋಗಿದ್ದಾರೆ, ಆರೈಕೆಯ ಖರ್ಚು ಯಾರು ಕೊಡಬೇಕು ಅನ್ನುವ ವಾದ ನಡೆದಿದೆ. ಸುದ್ದಿ ಓದುವವರಿಗೆ ಇದು ವಿಜ್ಞಾನದ ಜಗಳ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ವಿಜ್ಞಾನ ತಡವಾಗಿಯಾದರೂ ತನ್ನ ಮಟ್ಟಿಗೆ ಹೇಳಬೇಕಾದದ್ದನ್ನು ಹೇಳಿದೆ. ಉಳಿದಿರುವುದು ಹೊಣೆಯ ಪ್ರಶ್ನೆ.

ಮೊದಲು ಆಸಲ್ ಯಾರು ಅಂತ ನೋಡೋಣ. 1942ರಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ನ ಈಸ್ಟ್‌ವುಡ್‌ನಲ್ಲಿ ಹುಟ್ಟಿದರು. ಅದು ಕಲ್ಲಿದ್ದಲು ಗಣಿಗಳ ಊರು. ನಾಟ್ಸ್ ಕೌಂಟಿ ಕ್ಲಬ್‌ನಲ್ಲಿ ಆಟ ಶುರುಮಾಡಿದರು. ಅಲ್ಲಿ ಅವರನ್ನು ತಿದ್ದಿದವರು ಟಾಮಿ ಲಾಟನ್. ತಲೆಯಿಂದ ಚೆಂಡು ಹೊಡೆಯುವುದರಲ್ಲಿ ಇಂಗ್ಲೆಂಡ್ ಕಂಡ ಅತ್ಯುತ್ತಮರ ಸಾಲಿನಲ್ಲಿ ನಿಲ್ಲುವ ಹೆಸರು ಅದು. ಚೆಂಡು ಬರುವ ಹೊತ್ತಿಗೆ ಸರಿಯಾಗಿ ಜಿಗಿಯುವುದು, ಹಣೆಯಿಂದ ಗುರಿ ಇಟ್ಟು ಹೊಡೆಯುವುದು, ಈ ವಿದ್ಯೆ ಅಲ್ಲಿ ಕೈಗೆ ಬಂತು.

1964ರಲ್ಲಿ ವೆಸ್ಟ್ ಬ್ರಾಮಿಚ್ ಆಲ್ಬಿಯನ್ 25,000 ಪೌಂಡ್ ಕೊಟ್ಟು ಅವರನ್ನು ಕರೆದುಕೊಂಡಿತು. ಮುಂದಿನ ಹತ್ತು ವರ್ಷ ಆ ಕ್ಲಬ್‌ಗೆ 361 ಪಂದ್ಯಗಳಲ್ಲಿ 174 ಗೋಲು. ಅಭಿಮಾನಿಗಳು ಅವರಿಗೆ ಇಟ್ಟ ಹೆಸರು ‘ದಿ ಕಿಂಗ್’. 1968ರ ಎಫ್‌ಎ ಕಪ್‌ನಲ್ಲಿ ಪ್ರತಿ ಸುತ್ತಿನಲ್ಲೂ ಗೋಲು ಹೊಡೆದರು. ವೆಂಬ್ಲಿಯಲ್ಲಿ ಎವರ್ಟನ್ ಎದುರಿನ ಫೈನಲ್ ಹೆಚ್ಚುವರಿ ಸಮಯಕ್ಕೆ ಹೋಯಿತು. ಆಸಲ್ ಬಲಗಾಲಿನಿಂದ ಹೊಡೆದ ಚೆಂಡು ಎದುರಾಳಿಗೆ ತಾಗಿ ವಾಪಸ್ ಅವರ ಕಡೆಗೇ ಬಂತು. ಎಡಗಾಲಿನಿಂದ ಮತ್ತೆ ಬಾರಿಸಿದರು, ಸೀದಾ ಬಲೆಗೆ. ಆ ಪಂದ್ಯದಲ್ಲಿ ಬಂದದ್ದು ಅದೊಂದೇ ಗೋಲು, ಕಪ್ ಆಲ್ಬಿಯನ್‌ಗೆ. 1969–70ರಲ್ಲಿ ಅವರು 25 ಗೋಲು ಹೊಡೆದು ಇಂಗ್ಲೆಂಡಿನ ಮೊದಲ ಡಿವಿಷನ್‌ನಲ್ಲಿ ಎಲ್ಲರಿಗಿಂತ ಮುಂದಿದ್ದರು.

ಇಂಗ್ಲೆಂಡ್ ತಂಡಕ್ಕೆ ಆಡಿದ್ದು ಐದೇ ಪಂದ್ಯ. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಬ್ರೆಜಿಲ್ ವಿರುದ್ಧ ಬದಲಿ ಆಟಗಾರನಾಗಿ ಇಳಿದರು. ಒಂದು ಸುಲಭದ ಅವಕಾಶ ಕಾಲಬಳಿಯೇ ಬಂದು ಬಿತ್ತು. ಚೆಂಡು ಕಂಬದ ಹೊರಗೆ ಹೋಯಿತು. ಇಂಗ್ಲೆಂಡ್ 0–1ರಿಂದ ಸೋತಿತು. ಎಷ್ಟೋ ಜನ ಇವತ್ತಿಗೂ ಆಸಲ್ ಅಂದರೆ ಆ ಒಂದು ತಪ್ಪಿದ ಹೊಡೆತವನ್ನೇ ನೆನೆಯುತ್ತಾರೆ. 174 ಗೋಲು ಹೊಡೆದವರಿಗೆ ಇದು ಅನ್ಯಾಯ ಅಲ್ವಾ?

1974ರಲ್ಲಿ ಆಲ್ಬಿಯನ್ ಬಿಟ್ಟರು. ಆಮೇಲೆ ದಕ್ಷಿಣ ಆಫ್ರಿಕಾ, ಡನ್‌ಸ್ಟಬಲ್ ಟೌನ್, ವೇಮತ್ ಹೀಗೆ ಸಣ್ಣಪುಟ್ಟ ತಂಡಗಳು. ಆಗಿನ ಆಟಗಾರರಿಗೆ ಈಗಿನವರ ಹಾಗೆ ಕೋಟಿಗಟ್ಟಲೆ ಸಂಬಳ ಇರಲಿಲ್ಲ. ಇಂಗ್ಲೆಂಡಿನಲ್ಲಿ ಆಟಗಾರರ ಸಂಬಳಕ್ಕೆ ವಾರಕ್ಕೆ 20 ಪೌಂಡ್ ಮಿತಿ ಇದ್ದದ್ದು ತೆಗೆದದ್ದೇ 1961ರಲ್ಲಿ. ಆಟ ಮುಗಿದ ಮೇಲೆ ಹೊಟ್ಟೆಪಾಡಿಗೆ ಬೇರೆ ದಾರಿ ನೋಡಿಕೊಳ್ಳಲೇಬೇಕಿತ್ತು. ಆಸಲ್ ಮನೆ, ಅಂಗಡಿಗಳ ಕಿಟಕಿ ಒರೆಸುವ ಕೆಲಸ ಶುರುಮಾಡಿದರು. ಜೆಫ್ ಆಸಲ್ ಮೂಲೆಗಳನ್ನು ಎಂದೂ ಬಿಡುವುದಿಲ್ಲ ಎಂಬ ಸಾಲು ಆ ಕೆಲಸದ ಜಾಹೀರಾತಾಗಿತ್ತು. ಮೈದಾನದ ಮೂಲೆಯಿಂದ ಒದೆಯುವ ಕಾರ್ನರ್ ಕಿಕ್ ಬಂದಾಗಲೆಲ್ಲ ಜಿಗಿದು ನಿಲ್ಲುತ್ತಿದ್ದವರ ಬಾಯಲ್ಲಿ ಅದು ಒಪ್ಪುವ ಮಾತೇ. 1990ರ ದಶಕದ ಮಧ್ಯದಲ್ಲಿ ಒಂದು ಟಿವಿ ಹಾಸ್ಯ ಕಾರ್ಯಕ್ರಮದ ಕೊನೆಗೆ ಬಂದು ಹಾಡುತ್ತಿದ್ದರು. ಅವರ ಆಟ ನೋಡದ ಹೊಸ ತಲೆಮಾರಿಗೂ ಆ ನಗುಮುಖ ಪರಿಚಯವಾಯಿತು.

ಅದಾದ ಸ್ವಲ್ಪ ದಿನಕ್ಕೇ ಮರೆವು ಶುರುವಾಯಿತು. ಐವತ್ತೈದರ ಆಸುಪಾಸಿನಲ್ಲಿ ಡಿಮೆನ್ಷಿಯಾ ಎಂದು ಗೊತ್ತಾಯಿತು. ಕಾಯಿಲೆ ಬಹಳ ಬೇಗ ಮುಂದುವರಿಯಿತು. ತಾವು ಫುಟ್‌ಬಾಲ್ ಆಡಿದವರು ಎಂಬುದೇ ಕೊನೆಗೆ ಅವರಿಗೆ ನೆನಪಿರಲಿಲ್ಲ ಎಂದು ಮಗಳು ಡಾನ್ ಆಸಲ್ ಹಲವು ಸಲ ಹೇಳಿದ್ದಾರೆ. 2002ರ ಜನವರಿ 19ರಂದು ಮಗಳ ಮನೆಯಲ್ಲಿ ಉಸಿರುಗಟ್ಟಿ ತೀರಿಕೊಂಡರು.

ಇಷ್ಟಾದ ಮೇಲೆ ಕರೋನರ್ ತೀರ್ಮಾನ ಬಂತು. ಯಾವುದಾದರೂ ಕಾರ್ಖಾನೆಯಲ್ಲಿ ಒಬ್ಬ ಕಾರ್ಮಿಕ ಕೆಲಸದಿಂದಲೇ ಕಾಯಿಲೆ ಬಂದು ಸತ್ತ ಎಂದು ಅಧಿಕೃತವಾಗಿ ಬರೆದರೆ ಏನಾಗಬೇಕು? ಅದೇ ಕೆಲಸ ಮಾಡುತ್ತಿರುವ ಉಳಿದವರನ್ನು ಪರೀಕ್ಷೆ ಮಾಡಬೇಕು, ಕೆಲಸದ ರೀತಿ ಬದಲಿಸಬೇಕು. ಫುಟ್‌ಬಾಲ್‌ನಲ್ಲಿ ಹಾಗೇನೂ ಆಗಲಿಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ ಮತ್ತು ಆಟಗಾರರ ಸಂಘ ಪಿಎಫ್‌ಎ ಸೇರಿ ಯುವ ಆಟಗಾರರ ಮೇಲೆ ಹತ್ತು ವರ್ಷದ ಅಧ್ಯಯನ ಮಾಡುವುದಾಗಿ ಹೇಳಿದ್ದವು. ಅದರ ಫಲಿತಾಂಶ ಎಂದೂ ಹೊರಗೆ ಬರಲಿಲ್ಲ. 2014ರಲ್ಲಿ ಎಫ್‌ಎ ಅಧ್ಯಕ್ಷ ಗ್ರೆಗ್ ಡೈಕ್ ಆಸಲ್ ಕುಟುಂಬದ ಕ್ಷಮೆ ಕೇಳಿದರು. ಅಷ್ಟು ಹೊತ್ತಿಗೆ ಹನ್ನೆರಡು ವರ್ಷ ಸುಮ್ನೆ ಕಳೆದುಹೋಗಿತ್ತು.

ಅದೇ 2014ರಲ್ಲಿ ಗ್ಲಾಸ್ಗೊದ ನರರೋಗಶಾಸ್ತ್ರಜ್ಞ ಡಾ. ವಿಲ್ಲಿ ಸ್ಟುವರ್ಟ್ ಆಸಲ್ ಅವರ ಮೆದುಳಿನ ಭಾಗಗಳನ್ನು ಮತ್ತೆ ಪರೀಕ್ಷಿಸಿದರು. ಸಿಕ್ಕಿದ್ದು ಸಿಟಿಇ. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರ ಮೆದುಳಿನಲ್ಲಿ ಟೌ ಎಂಬ ಪ್ರೋಟೀನು ಸಣ್ಣ ರಕ್ತನಾಳಗಳ ಸುತ್ತ, ಮೆದುಳಿನ ಮಡಿಕೆಗಳ ಆಳದಲ್ಲಿ ಗಂಟುಕಟ್ಟುವ ಕಾಯಿಲೆ ಇದು. ಬಾಕ್ಸರ್‌ಗಳಲ್ಲಿ ಇದನ್ನು 1928ರಷ್ಟು ಹಿಂದೆಯೇ ವೈದ್ಯರು ಗುರುತಿಸಿದ್ದರು. ಬದುಕಿರುವಾಗ ಇದನ್ನು ಖಚಿತವಾಗಿ ಪತ್ತೆ ಮಾಡಲು ಆಗುವುದಿಲ್ಲ. ಸತ್ತ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ತಿಳಿಯುತ್ತದೆ. ಆಸಲ್ ಹೆಂಡತಿ ಲರೇನ್ ಮತ್ತು ಹೆಣ್ಣುಮಕ್ಕಳು ಆ ಮೆದುಳನ್ನು ಪರೀಕ್ಷೆಗೆ ಕೊಡಲು ಒಪ್ಪದಿದ್ದರೆ ಇವತ್ತು ನಮಗೆ ಇಷ್ಟೂ ಗೊತ್ತಾಗುತ್ತಿರಲಿಲ್ಲ.

ಒಬ್ಬರ ಮೆದುಳಿನಿಂದ ಎಲ್ಲರ ಬಗ್ಗೆ ತೀರ್ಮಾನ ಮಾಡಲಾಗುವುದಿಲ್ಲ, ಅದು ನಿಜ. ದೊಡ್ಡ ಲೆಕ್ಕ ಬೇಕಿತ್ತು. ಅದು ಬಂದದ್ದು 2019ರ ಅಕ್ಟೋಬರ್‌ನಲ್ಲಿ, ಸ್ಟುವರ್ಟ್ ಅವರ ಗ್ಲಾಸ್ಗೊ ತಂಡದಿಂದಲೇ. ಅಧ್ಯಯನಕ್ಕೆ ಹಣ ಕೊಟ್ಟದ್ದು ಎಫ್‌ಎ ಮತ್ತು ಪಿಎಫ್‌ಎ. ತಡವಾದರೂ ಕೊಟ್ಟವು, ಅದನ್ನೂ ಹೇಳಬೇಕು. ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರನ್ನು ಅದೇ ವಯಸ್ಸಿನ, ಅದೇ ತರಹದ ಊರುಕೇರಿಗಳ 23,028 ಸಾಮಾನ್ಯ ಜನರ ಜೊತೆ ಹೋಲಿಸಿದರು. ಹೃದಯದ ಕಾಯಿಲೆ, ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತ ಆಟಗಾರರು ಕಡಿಮೆ. ಆದರೆ ಮೆದುಳು ಸವೆಯುವ ಕಾಯಿಲೆಗಳಿಂದ ಸತ್ತವರು ಸುಮಾರು ಮೂರೂವರೆ ಪಟ್ಟು ಹೆಚ್ಚು. ಆಟಗಾರರಲ್ಲಿ 1.7%, ಉಳಿದವರಲ್ಲಿ 0.5%.

ಈ ಅಂಕಿಯನ್ನು ಸರಿಯಾಗಿ ಓದಬೇಕು. ಫುಟ್‌ಬಾಲ್ ಆಡಿದವರಿಗೆಲ್ಲ ಡಿಮೆನ್ಷಿಯಾ ಬರುತ್ತದೆ ಎಂದು ಇದರ ಅರ್ಥ ಅಲ್ಲ. ಬಹುಪಾಲು ಆಟಗಾರರಿಗೆ ಬರುವುದಿಲ್ಲ. ಒಟ್ಟಾರೆ ನೋಡಿದರೆ ಅವರು ಸ್ವಲ್ಪ ಜಾಸ್ತಿ ವರ್ಷವೇ ಬದುಕುತ್ತಾರೆ. ಹೆಚ್ಚು ಬದುಕಿದ್ದರಿಂದಲೇ ಮರೆವಿನ ಕಾಯಿಲೆ ಜಾಸ್ತಿ ಕಾಣುತ್ತಿದೆ ಎಂಬ ವಾದವೂ ಬಂತು. ಆದರೆ ಬೇರೆ ಕಾರಣಗಳಿಂದ ಆದ ಸಾವುಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅಪಾಯ ಸುಮಾರು ಮೂರೂವರೆ ಪಟ್ಟೇ ಉಳಿಯಿತು.

ನನಗೆ ಎಲ್ಲಕ್ಕಿಂತ ಬಲವಾದ ಸಾಕ್ಷ್ಯ ಅನ್ನಿಸುವುದು 2021ರಲ್ಲಿ ಅದೇ ತಂಡ ಹೊರತಂದ ಇನ್ನೊಂದು ಲೆಕ್ಕ. ಅವರು ಆಟಗಾರರನ್ನು ಮೈದಾನದಲ್ಲಿ ನಿಲ್ಲುವ ಜಾಗದ ಪ್ರಕಾರ ಬೇರೆ ಮಾಡಿದರು. ಡಿಫೆಂಡರ್‌ಗಳಲ್ಲಿ ಅಪಾಯ ಸುಮಾರು ಐದು ಪಟ್ಟು. ಗೋಲು ಹೊಡೆಯಲು ಮುಂದೆ ಆಡುವ ಫಾರ್ವರ್ಡ್‌ಗಳಲ್ಲಿ ಮೂರು ಪಟ್ಟಿಗೆ ಹತ್ತಿರ. ಗೋಲ್‌ಕೀಪರ್‌ಗಳಲ್ಲಿ? ಸಾಮಾನ್ಯ ಜನರಿಗಿಂತ ಹೆಚ್ಚಿನ ಅಪಾಯ ಕಾಣಲೇ ಇಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಗೋಲ್‌ಕೀಪರ್ ಅದೇ ಕ್ಲಬ್‌ನಲ್ಲಿ ಇದ್ದವನು. ಅದೇ ಬಸ್ಸಿನಲ್ಲಿ ಓಡಾಡಿದವನು, ಅದೇ ಊಟ ಮಾಡಿದವನು, ಅದೇ ಸಂಬಳದಲ್ಲಿ ಬದುಕಿದವನು. ಆಟ ಮುಗಿದ ಮೇಲೆ ಖಾಲಿತನ, ಕುಡಿತ, ಹಣದ ಚಿಂತೆ ಏನೇ ಇದ್ದರೂ ಅವನಿಗೂ ಇದ್ದದ್ದೇ. ಜೀವನಶೈಲಿ ಕಾರಣವಾಗಿದ್ದರೆ ಅವನಲ್ಲೂ ಅದು ಕಾಣಬೇಕಿತ್ತು. ಅವನು ಮಾಡದೇ ಇದ್ದದ್ದು ಒಂದೇ, ಚೆಂಡಿಗೆ ತಲೆ ಕೊಡುವುದು. ಇನ್ನು ಡಿಫೆಂಡರ್ ಯಾರು? ಎದುರಾಳಿ ಗೋಲ್‌ಕೀಪರ್ ಮೈದಾನದ ಆ ತುದಿಯಿಂದ ಒದ್ದ ಚೆಂಡು ಆಕಾಶದಿಂದ ಇಳಿಯುವಾಗ ಅದರ ಕೆಳಗೆ ಹೋಗಿ ನಿಂತು ಹಣೆಯಿಂದ ದೂರ ತಳ್ಳುವವನು. ಎಲ್ಲರಿಗಿಂತ ಹೆಚ್ಚು ಹೆಡ್ ಮಾಡುವ ಗುಂಪಿನಲ್ಲೇ ಅಪಾಯ ಎಲ್ಲಕ್ಕಿಂತ ಹೆಚ್ಚು. 15 ವರ್ಷಕ್ಕೂ ಜಾಸ್ತಿ ಆಡಿದವರಲ್ಲಿ ಅಪಾಯ ಇನ್ನೂ ಹೆಚ್ಚು ಎಂದೂ ಅದೇ ಅಧ್ಯಯನ ತೋರಿಸಿತು. ಸ್ವೀಡನ್‌ನಲ್ಲಿ ಅಗ್ರ ಡಿವಿಷನ್‌ನ 6,007 ಆಟಗಾರರ ಮೇಲೆ 2023ರಲ್ಲಿ ಬಂದ ಅಧ್ಯಯನದಲ್ಲಿ ಅಪಾಯದ ಪ್ರಮಾಣ ಕಡಿಮೆ ಇತ್ತು, ಸುಮಾರು ಒಂದೂವರೆ ಪಟ್ಟು. ಆದರೆ ಅಲ್ಲೂ ಗೋಲ್‌ಕೀಪರ್‌ಗಳಿಗೆ ಹೆಚ್ಚಿನ ಅಪಾಯ ಇರಲಿಲ್ಲ. ದೇಶ ಬೇರೆ, ಸಂಶೋಧಕರು ಬೇರೆ, ಕಂಡದ್ದು ಅದೇ.

ಯಾರು ಎಷ್ಟು ಸಲ ಹೆಡ್ ಮಾಡಿದರು ಎಂದು ಆಗ ಯಾರೂ ಎಣಿಸಿಟ್ಟಿಲ್ಲ. ಹಾಗಾಗಿ ಇದನ್ನು ನೂರಕ್ಕೆ ನೂರು ಸಾಬೀತು ಎನ್ನಲು ವಿಜ್ಞಾನಿಗಳು ಹಿಂಜರಿಯುತ್ತಾರೆ. ಆ ಎಚ್ಚರಿಕೆ ಅವರಿಗೆ ಇರಬೇಕಾದದ್ದೇ. ಆದರೆ ಆಟವನ್ನು ನಡೆಸುವವರು ಅದೇ ಎಚ್ಚರಿಕೆಯನ್ನು ಗುರಾಣಿಯ ಹಾಗೆ ಹಿಡಿದುಕೊಳ್ಳುವುದು ಬೇರೆ ವಿಷಯ.

ಇನ್ನೊಂದು ಗುರಾಣಿ ಹಳೇ ಚೆಂಡು. ಆಸಲ್ ಕಾಲದ ಚೆಂಡು ಚರ್ಮದ್ದು, ಮಳೆಗೆ ನೀರು ಕುಡಿದು ಕಲ್ಲಿನಂತಾಗುತ್ತಿತ್ತು, ಈಗಿನದು ಹಗುರ, ಆದ್ದರಿಂದ ಈಗ ಭಯ ಇಲ್ಲ ಎನ್ನುವ ಮಾತು. ಇದನ್ನು ಬಹಳ ಜನ ನಂಬಿದ್ದಾರೆ. ಆದರೆ ಒಣ ಚೆಂಡಿನ ತೂಕದ ನಿಯಮ 1937ರಿಂದ ಹೆಚ್ಚೇನೂ ಬದಲಾಗಿಲ್ಲ, ಈಗ ಅದು 410ರಿಂದ 450 ಗ್ರಾಂ. ಚರ್ಮದ ಚೆಂಡು ನೆನೆದರೆ ಭಾರವಾಗುತ್ತಿತ್ತು ನಿಜ, ಆದರೆ ಭಾರವಾದಷ್ಟೂ ನಿಧಾನವಾಗುತ್ತಿತ್ತು. ಈಗಿನ ಚೆಂಡು ನೀರು ಕುಡಿಯುವುದಿಲ್ಲ, ವೇಗವಾಗಿ ಬರುತ್ತದೆ. ಗ್ಲಾಸ್ಗೊ ಅಧ್ಯಯನದಲ್ಲಿದ್ದವರು 1910ರಿಂದ 1969ರವರೆಗೆ ಹುಟ್ಟಿದವರು. ಕಾಲ ಕಳೆದಂತೆ ಚೆಂಡು ಬದಲಾಯಿತು, ಅಪಾಯ ಇಳಿದದ್ದು ಕಾಣಲಿಲ್ಲ.

ತಲೆಬುರುಡೆಯೊಳಗೆ ಮೆದುಳು ದ್ರವದಲ್ಲಿ ತೇಲುತ್ತಿರುತ್ತದೆ. ಚೆಂಡು ಹಣೆಗೆ ತಾಗಿದಾಗಲೆಲ್ಲ ಅದು ಒಂದಿಷ್ಟು ಅಲುಗಾಡುತ್ತದೆ. ತಲೆಸುತ್ತು ಬರುವುದಿಲ್ಲ, ಆಟಗಾರ ಆಡುತ್ತಲೇ ಇರುತ್ತಾನೆ. 2016ರಲ್ಲಿ ಸ್ಟರ್ಲಿಂಗ್ ವಿಶ್ವವಿದ್ಯಾಲಯದವರು ಕಾರ್ನರ್ ಕಿಕ್‌ನ ವೇಗದಲ್ಲಿ ಯಂತ್ರದಿಂದ ಚೆಂಡು ಎಸೆದು ಆಟಗಾರರಿಂದ 20 ಸಲ ಹೆಡ್ ಮಾಡಿಸಿದರು. ಕೂಡಲೇ ನೆನಪಿನ ಪರೀಕ್ಷೆ ಕೊಟ್ಟಾಗ ಅವರ ಸಾಧನೆ 41ರಿಂದ 67 ಶೇಕಡ ಕುಸಿದಿತ್ತು. 24 ಗಂಟೆಯೊಳಗೆ ಮತ್ತೆ ಸರಿಹೋಯಿತು. ಒಂದು ದಿನದ ಮಟ್ಟಿಗೆ ಇದು ಸಣ್ಣದು. ಇಪ್ಪತ್ತು ವರ್ಷ ಪ್ರತಿ ವಾರ ಹೀಗೆ ಮಾಡುತ್ತಾ ಹೋದರೆ ಏನು ಎನ್ನುವುದೇ ಪ್ರಶ್ನೆ. ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ನಲ್ಲಿ 260 ಗೋಲು ಹೊಡೆದ ಅಲನ್ ಶಿಯರರ್ 2017ರಲ್ಲಿ ಬಿಬಿಸಿಗಾಗಿ ಈ ವಿಷಯದ ಮೇಲೆ ಸಾಕ್ಷ್ಯಚಿತ್ರ ಮಾಡಿದಾಗ ಹೇಳಿದ್ದೂ ಇದನ್ನೇ. ಪಂದ್ಯದಲ್ಲಿ ತಲೆಯಿಂದ ಹೊಡೆದ ಒಂದೊಂದು ಗೋಲಿನ ಹಿಂದೆ ತರಬೇತಿಯಲ್ಲಿ ಹೊಡೆದ ಸಾವಿರ ಹೆಡ್ಡರ್‌ಗಳಿರುತ್ತವೆ ಎಂದರು. ಪೆಟ್ಟಿನ ಬಹುಪಾಲು ಬೀಳುವುದು ಟಿವಿಯಲ್ಲಿ ಕಾಣದ ಆ ತರಬೇತಿ ಮೈದಾನದಲ್ಲಿ.

ಈ ಕಾರಣಕ್ಕೇ ತರಬೇತಿಯ ನಿಯಮಗಳು ನನಗೆ ಮುಖ್ಯ ಅನ್ನಿಸುತ್ತವೆ. 2020ರ ಫೆಬ್ರವರಿಯಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳಲ್ಲಿ ಪ್ರಾಥಮಿಕ ಶಾಲೆ ವಯಸ್ಸಿನ ಮಕ್ಕಳಿಗೆ ತರಬೇತಿಯಲ್ಲಿ ಹೆಡಿಂಗ್ ಬೇಡ ಎಂದಾಯಿತು. 2021ರಿಂದ ಇಂಗ್ಲೆಂಡಿನ ವೃತ್ತಿಪರ ಆಟಗಾರರಿಗೆ ಜೋರಾದ ಹೆಡ್ಡರ್‌ಗಳು, ಅಂದರೆ ದೂರದ ಪಾಸ್, ಕ್ರಾಸ್, ಕಾರ್ನರ್‌ನಿಂದ ಬಂದವು, ತರಬೇತಿಯಲ್ಲಿ ವಾರಕ್ಕೆ ಹತ್ತಕ್ಕಿಂತ ಹೆಚ್ಚು ಬೇಡ ಎಂದು ಸೂಚಿಸಲಾಯಿತು. ಸ್ಕಾಟ್ಲೆಂಡ್ ಪಂದ್ಯದ ಹಿಂದಿನ ದಿನ ಮತ್ತು ಮರುದಿನ ಹೆಡಿಂಗ್ ಅಭ್ಯಾಸವೇ ಬೇಡ ಎಂದಿತು. 2024–25ರಿಂದ ಇಂಗ್ಲೆಂಡಿನ ಮಕ್ಕಳ ಪಂದ್ಯಗಳಲ್ಲೂ ಬೇಕೆಂದೇ ಹೆಡ್ ಮಾಡುವುದನ್ನು ಹಂತಹಂತವಾಗಿ ತೆಗೆಯುತ್ತಿದ್ದಾರೆ. ಮೊದಲು 9 ವರ್ಷದೊಳಗಿನವರು, 2026–27ಕ್ಕೆ 11ರೊಳಗಿನವರು. ಬೆಂಗಳೂರಿನಲ್ಲಿ ವಾರಾಂತ್ಯಕ್ಕೆ ಮಕ್ಕಳನ್ನು ಫುಟ್‌ಬಾಲ್ ಕೋಚಿಂಗ್‌ಗೆ ಬಿಟ್ಟುಬರುವ ಅಪ್ಪ ಅಮ್ಮಂದಿರು ಈ ವಯಸ್ಸಿನ ಲೆಕ್ಕವನ್ನು ನೆನಪಿಟ್ಟುಕೊಂಡು ಕೋಚ್ ಹತ್ತಿರ ಒಂದು ಮಾತು ಕೇಳಿದರೆ ತಪ್ಪೇನಿಲ್ಲ.

ಮಕ್ಕಳ ವಿಷಯದಲ್ಲಿ ಇಂಗ್ಲೆಂಡ್ ಸರಿದಾರಿಗೆ ಬಂದಿದೆ ಎಂದೇ ಹೇಳುತ್ತೇನೆ. ವೃತ್ತಿಪರರ ಮಿತಿ ಮಾತ್ರ ಬರೀ ಸೂಚನೆ. ಹತ್ತು ಮುಗಿದ ಮೇಲೆ ಹನ್ನೊಂದನೆಯದನ್ನು ಯಾರು ಎಣಿಸುತ್ತಾರೆ?

ಎಲ್ಲಕ್ಕಿಂತ ನೋವಿನ ಭಾಗ ಈಗಾಗಲೇ ಕಾಯಿಲೆ ಬಿದ್ದವರದ್ದು. 1966ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡಿನ ಹನ್ನೊಂದು ಜನರಲ್ಲಿ ಐವರಿಗೆ ಡಿಮೆನ್ಷಿಯಾ ಬಂತು: ರೇ ವಿಲ್ಸನ್, ಮಾರ್ಟಿನ್ ಪೀಟರ್ಸ್, ನಾಬಿ ಸ್ಟೈಲ್ಸ್, ಜ್ಯಾಕ್ ಚಾರ್ಲ್‌ಟನ್, ಬಾಬಿ ಚಾರ್ಲ್‌ಟನ್. ದೇಶಕ್ಕೆ ಏಕೈಕ ವಿಶ್ವಕಪ್ ತಂದುಕೊಟ್ಟ ತಂಡ ಅದು. ಸ್ಟೈಲ್ಸ್ 2010ರಲ್ಲಿ ತಮ್ಮ ಪದಕಗಳನ್ನು ಹರಾಜಿಗಿಟ್ಟರು, ಮನೆಯವರಿಗೆ ಏನಾದರೂ ಉಳಿಯಲಿ ಎಂದು. 2020ರಲ್ಲಿ ಅವರು ತೀರಿಕೊಂಡ ಮೇಲೆ ಮೆದುಳು ಪರೀಕ್ಷಿಸಿದಾಗ ಅವರಿಗೂ ಸಿಟಿಇ ಇತ್ತು.

ಇಂಗ್ಲೆಂಡಿನಲ್ಲಿ ಆಸ್ಪತ್ರೆ ಚಿಕಿತ್ಸೆ ಉಚಿತ. ಆದರೆ ಡಿಮೆನ್ಷಿಯಾ ರೋಗಿಗೆ ಬೇಕಾಗುವುದು ಹೆಚ್ಚಾಗಿ ಆಸ್ಪತ್ರೆಯಲ್ಲ. ಊಟ ಮಾಡಿಸಲು, ಸ್ನಾನ ಮಾಡಿಸಲು, ರಾತ್ರಿ ಎದ್ದು ಹೊರಟರೆ ಹಿಡಿದು ಕೂರಿಸಲು ಹಗಲೂ ರಾತ್ರಿ ಜನ ಬೇಕು. ಆ ಆರೈಕೆ ಉಚಿತ ಅಲ್ಲ. 23,250 ಪೌಂಡ್‌ಗಿಂತ ಹೆಚ್ಚು ಆಸ್ತಿ ಇದ್ದವರು ಆರೈಕೆ ಕೇಂದ್ರದ ಖರ್ಚನ್ನು ಸ್ವಂತ ಜೇಬಿನಿಂದ ಕೊಡಬೇಕು. ಎಷ್ಟೋ ಮನೆಗಳಲ್ಲಿ ಮನೆಯನ್ನೇ ಮಾರಬೇಕಾಗುತ್ತದೆ.

ಪ್ರೀಮಿಯರ್ ಲೀಗ್ ಮತ್ತು ಪಿಎಫ್‌ಎ 2023ರಲ್ಲಿ ಇಂಥ ಕುಟುಂಬಗಳಿಗಾಗಿ ಒಂದು ನಿಧಿ ಶುರುಮಾಡಿದವು. ಆರಂಭದ ಮೊತ್ತ 10 ಲಕ್ಷ ಪೌಂಡ್. ಅದೇ ಪ್ರೀಮಿಯರ್ ಲೀಗ್ 2025ರಿಂದ ನಾಲ್ಕು ವರ್ಷಕ್ಕೆ ಬ್ರಿಟನ್‌ನೊಳಗಿನ ಟಿವಿ ಪ್ರಸಾರದ ಹಕ್ಕನ್ನು ಮಾರಿದ್ದು 670 ಕೋಟಿ ಪೌಂಡ್‌ಗೆ. ನಿಧಿ ಬಂದದ್ದು ಒಳ್ಳೆಯದೇ, ಸಿಕ್ಕ ಕುಟುಂಬಕ್ಕೆ ಅದು ಆಸರೆ. ಆದರೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಅಮೆರಿಕನ್ ಫುಟ್‌ಬಾಲ್ ಎಂಬ ಬೇರೆಯದೇ ಆಟದ ಲೀಗ್ ಆದ ಎನ್‌ಎಫ್‌ಎಲ್ ತನ್ನ ಮಾಜಿ ಆಟಗಾರರ ಮೊಕದ್ದಮೆ ಎದುರಾದ ಮೇಲೆ ಒಪ್ಪಂದಕ್ಕೆ ಬಂದು 100 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟಿದೆ. ಅದೂ ಪ್ರೀತಿಯಿಂದ ಕೊಟ್ಟದ್ದಲ್ಲ, ಕೋರ್ಟಿನ ಭಯದಿಂದ.

ಕುಟುಂಬಗಳು ಕೇಳುತ್ತಿರುವ ಇನ್ನೊಂದು ದಾರಿ ಸರ್ಕಾರದ್ದು. ಕೆಲಸದಿಂದ ಬರುವ ಕಾಯಿಲೆಗಳ ಒಂದು ಪಟ್ಟಿ ಬ್ರಿಟನ್‌ನಲ್ಲಿ ಇದೆ. ಅದರಲ್ಲಿದ್ದರೆ ಕಾರ್ಮಿಕರಿಗೆ ಭತ್ಯೆ ಸಿಗುತ್ತದೆ. ಪಟ್ಟಿಗೆ ಸೇರಿಸುವಾಗ ತಜ್ಞರ ಮಂಡಳಿ ಸಾಮಾನ್ಯವಾಗಿ ನೋಡುವುದು, ಆ ಕೆಲಸ ಮಾಡುವವರಲ್ಲಿ ಕಾಯಿಲೆಯ ಅಪಾಯ ಉಳಿದವರಿಗಿಂತ ಎರಡು ಪಟ್ಟಿಗಿಂತ ಹೆಚ್ಚಿದೆಯೇ ಎಂದು. ಗ್ಲಾಸ್ಗೊ ಲೆಕ್ಕ ಮೂರೂವರೆ, ಸ್ವೀಡನ್ ಲೆಕ್ಕ ಒಂದೂವರೆ. ಈ ಎರಡರ ನಡುವೆ ತಕ್ಕಡಿ ತೂಗಾಡುತ್ತದೆ. ಕರೋನರ್ 2002ರಲ್ಲೇ ಬರೆದ ಮಾತು ಸಾಮಾಜಿಕ ಭದ್ರತೆಯ ಕಡತಕ್ಕೆ ಸುಲಭವಾಗಿ ದಾಟಿಬರದಿರಲು ಇದೂ ಒಂದು ಕಾರಣ.

ಡಾನ್ ಆಸಲ್ ತಂದೆಯ ಹೆಸರಿನಲ್ಲಿ 2015ರಲ್ಲಿ ಪ್ರತಿಷ್ಠಾನ ಶುರುಮಾಡಿದರು, ಆಮೇಲೆ ಪಿಎಫ್‌ಎ ಜೊತೆ ಸೇರಿ ಇಂಥ ಕುಟುಂಬಗಳಿಗೆ ನೆರವಾದರು. ಆಲ್ಬಿಯನ್ ಅಭಿಮಾನಿಗಳು ಆಸಲ್ ತೊಡುತ್ತಿದ್ದ 9ನೇ ನಂಬರಿನ ನೆನಪಿಗೆ ಪಂದ್ಯದ 9ನೇ ನಿಮಿಷಕ್ಕೆ ಎದ್ದು ಚಪ್ಪಾಳೆ ತಟ್ಟಿ ನ್ಯಾಯ ಕೇಳಿದರು. ಈಗ ಮಾಜಿ ಆಟಗಾರರು ಮತ್ತು ಸತ್ತವರ ಕುಟುಂಬಗಳು ಎಫ್‌ಎ ಸೇರಿದಂತೆ ಆಟದ ಸಂಸ್ಥೆಗಳ ವಿರುದ್ಧ ಲಂಡನ್‌ನಲ್ಲಿ ಹೂಡಿರುವ ಮೊಕದ್ದಮೆಯ ತಿರುಳು ಇಷ್ಟು: ಅಪಾಯ ಇದೆ ಎಂದು ನಿಮಗೆ ಯಾವಾಗ ಗೊತ್ತಿತ್ತು, ಗೊತ್ತಾದ ಮೇಲೆ ಏನು ಮಾಡಿದಿರಿ?

2002ಕ್ಕೆ ಮುಂಚಿನ ಆಟಗಾರರ ವಿಷಯದಲ್ಲಿ ಆ ಪ್ರಶ್ನೆಗೆ ಉತ್ತರ ಕಷ್ಟವಿರಬಹುದು. ಆಗ ವೈದ್ಯಕೀಯ ಲೋಕಕ್ಕೆ ಎಷ್ಟು ತಿಳಿದಿತ್ತು ಎಂದು ವಕೀಲರು ದಿನಗಟ್ಟಲೆ ವಾದಿಸಬಹುದು. ಆ ವರ್ಷದ ನಂತರ ಆಡಿದವರ ವಿಷಯ ಹಾಗಲ್ಲ. ಕರೋನರ್ ತೀರ್ಮಾನ ಬಂದ ವರ್ಷ 20 ತುಂಬಿದ್ದ ಆಟಗಾರ ಇವತ್ತು ನಲವತ್ತು ದಾಟಿದ್ದಾನೆ. ಅವನ ಆಟದ ದಿನಗಳೆಲ್ಲ ಕಳೆದದ್ದು ಆ ತೀರ್ಮಾನ ಎಲ್ಲರಿಗೂ ಗೊತ್ತಿದ್ದ ಕಾಲದಲ್ಲಿ, ತರಬೇತಿಯ ಮಿತಿ ಇನ್ನೂ ಬಾರದ ಕಾಲದಲ್ಲಿ. ಆಸಲ್ ಅವರಿಗೆ ಮರೆವು ಹಿಡಿದ ವಯಸ್ಸನ್ನು ಆ ತಲೆಮಾರು ಮುಟ್ಟುವುದು 2030ರ ದಶಕದ ದ್ವಿತೀಯಾರ್ಧದಲ್ಲಿ.